ಎರಡನೇ ತಾರೀಕಿನವರು

ತಲೆ ಯಾಕೆ ಆಡಿಸ್ತೀರಿ? ನಂಬೋದು ಕಷ್ಟಾನೇ. ಲಂಡನ್ನಿನ ಗಡಿಯಾರ ಬಂಗಾರಪೇಟೆಯ ಪಂಪು ಕಾರ್ಖಾನೆಯಿಂದ ನಿಮ್ಮ ಯಜಮಾನ ಬಚ್ಚಪ್ಪನವರನ್ನ ಮನೆಗೆ ಕಳಿಸ್ತು ಅಂದ್ರೆ ಯಾರು ನಂಬ್ತಾರೆ? ಆದರೆ ನಡೆದದ್ದು ಅದೇ, ಮುನಿಶಾಮಮ್ಮ.

ಇನ್ನೊಂದು ಸಲ ಹೇಳ್ತೀನಿ. ನಿವೃತ್ತಿ ಪಟ್ಟಿಯ ಪ್ರೋಗ್ರಾಂ ಬರೆದವನು ನಾನೇ, ಕಂಪ್ಯೂಟರಿನ ಸಿ ಭಾಷೆಯಲ್ಲಿ. ಈ ಹಾಳು ಯಂತ್ರಕ್ಕೆ ತಾರೀಕು ಅಂದ್ರೆ ಬರೀ ಸೆಕೆಂಡುಗಳ ಲೆಕ್ಕ, ಅದೂ ಲಂಡನ್ ಹೊತ್ತಿನಲ್ಲಿ. ಬಚ್ಚಪ್ಪ ಹುಟ್ಟಿದ್ದು ಜುಲೈ ಎರಡು. ನಮ್ಮ ಎರಡನೇ ತಾರೀಕು ಶುರುವಾಗೋವಾಗ ಅಲ್ಲಿನ್ನೂ ಒಂದನೇ ತಾರೀಕಿನ ಸಂಜೆ ಆರೂವರೆ. ಆ ಲೆಕ್ಕದಿಂದ ತಾರೀಕು ವಾಪಸ್ ತೆಗೆಯುವಾಗ ಐದೂವರೆ ಗಂಟೆ ಕೂಡಿಸಬೇಕು. ಕೂಡಿಸಲಿಲ್ಲ. ಒಂದೇ ಪದ... ನಮ್ಮೂರ ಹೊತ್ತು ಕೊಡೋ ಲೋಕಲ್‌ಟೈಮ್ ಇರಬೇಕಾದ ಕಡೆ ಲಂಡನ್ ಹೊತ್ತಿನ ಜಿಎಂಟೈಮ್ ಅಂತ ಬರೆದಿದ್ದೆ. ಬಚ್ಚಪ್ಪ ಒಂದನೇ ತಾರೀಕಿನವರಾಗಿಬಿಟ್ಟರು.

ಒಂದು ದಿನಕ್ಕೆ ಇಷ್ಟೆಲ್ಲಾ ಆಗತ್ತಾ ಅಂತೀರಾ? ಅಲ್ಲೇ ಇರೋದು. ಮಿಕ್ಕವರನ್ನೆಲ್ಲ ಹುಟ್ಟಿದ ತಿಂಗಳ ಕೊನೆಗೆ ಕಳಿಸ್ತಾರೆ, ಒಂದನೇ ತಾರೀಕಿನವರನ್ನ ಹಿಂದಿನ ತಿಂಗಳ ಕೊನೆಗೇ. ಜುಲೈ ಮೂವತ್ತೊಂದಕ್ಕೆ ಹೋಗಬೇಕಾದವರು ಜೂನ್ ಮೂವತ್ತಕ್ಕೆ ಹಾರ ಹಾಕಿಸ್ಕೊಂಡ್ರು. ಜುಲೈ ಹತ್ತೊಂಬತ್ತಕ್ಕೆ ಬೇತಮಂಗಲದ ಬಸ್ಸಿನಲ್ಲಿ...

ಗೊತ್ತು. ಕೆಲಸದಲ್ಲಿದ್ದಾಗ ತೀರಿಕೊಂಡಿದ್ರೆ ಮಗಳು ವರಲಕ್ಷ್ಮಿಗೆ ಆ ಕೆಲಸ ಸಿಗ್ತಿತ್ತು. ಅದಕ್ಕೇ ಈ ಕಾಗದ ತಂದಿದ್ದೀರಿ. ಬರೆದುಕೊಡ್ತೀನಿ. ಯಂತ್ರದ ತಪ್ಪು, ಯಾರ ಕಣ್ಣಿಗೂ ಬೀಳಲಿಲ್ಲ ಅಂತ.

ಬೀಳೋದಾದ್ರೂ ಹೇಗೆ? ಹತ್ತು, ಇಪ್ಪತ್ತಕ್ಕೆ ಹುಟ್ಟಿದವರದು ಒಂದು ದಿನ ಹಿಂದೆ ಹೋದ್ರೂ ತಿಂಗಳ ಕೊನೆ ಅದೇ. ಕೆಡೋದು ಎರಡನೇ ತಾರೀಕಿನವರಿಗೆ ಮಾತ್ರ. ಇಡೀ ಕಾರ್ಖಾನೆಯಲ್ಲಿ ಇಬ್ಬರೇ.

ಯಾಕೆ ಹಾಗೆ ನೋಡ್ತೀರಿ? ಇನ್ನೊಬ್ಬರಿಗೆ ಏನೂ ಆಗಲಿಲ್ಲ. ಅವರ ತಾರೀಕು ಪಟ್ಟಿಯಲ್ಲಿ ಸರಿಯಾಗೇ ಇದೆ. ಕೈಯಲ್ಲಿ ತಿದ್ದಿ...

ಏನಾದ್ರೂ ಕೇಳಿ, ಮುನಿಶಾಮಮ್ಮ. ಬೈಯಿರಿ. ಕೈಯಲ್ಲಿ ತಿದ್ದಿದ ಆ ತಾರೀಕು ಯಾರದು ಅಂತಾದ್ರೂ ಕೇಳಿ.

ನನ್ನದು. ಜನವರಿ ಎರಡು. ಅದು ಒಂದು ಅಂತ ಬಿದ್ದಿದ್ದು ಕಣ್ಣಿಗೆ ಬಿದ್ದಾಗ ಪಟ್ಟಿ ಆಗಲೇ ಮ್ಯಾನೇಜರ್ ಮೇಜಿನ ಮೇಲಿತ್ತು. ಕಂಪ್ಯೂಟರ್ ತಪ್ಪು ಮಾಡಲ್ಲ ಅಂತ ಅವರಿಗೆ ಹೇಳಿದವನೂ ನಾನೇ. ನನ್ನ ಹೆಸರಿನ ಸಾಲೊಂದನ್ನೇ ತಿದ್ದಿ ಸುಮ್ಮನಾದೆ. ಬಚ್ಚಪ್ಪನವರಿಗೆ ಒಂದು ತಿಂಗಳು ತಾನೇ, ಮನೇಲಿ ಕೂತು ಸುಧಾರಿಸ್ಕೊಳ್ಳಲಿ ಅಂದ್ಕೊಂಡೆ.

ಕೊಡಿ ಆ ಕಾಗದ. ಯಂತ್ರದ ಮಾತು ಬರೆಯಲ್ಲ. ತಪ್ಪು ನನಗೆ ಗೊತ್ತಾದ ದಿನ ಮೇ ಹದಿನಾಲ್ಕು ಅಂತ ಬರೀತೀನಿ.