ಪಕ್ಕದ ಸೀಟಿನ ಪ್ರಾರ್ಥನೆ

ಸಭಾಪಾಲಕರೇ, ನಮ್ಮನ್ನಗಲಿದ ಮಾಸ್ಟರ ಮನೆಯವರಾದ ಅಕ್ಕಾ, ಮಗಳೇ, ನಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕ್ಲಚ್ಚು ಬಿಡುವುದನ್ನು ಕಲಿತು ಈ ಹೊತ್ತು ಹಾಲ್ ತುಂಬ ಕುಳಿತಿರುವ ಶಿಷ್ಯವೃಂದವೇ — ಎಲ್ಲರಿಗೂ ನಮಸ್ಕಾರ. ಹೊರಗೆ ನೀವು ಕಾರು ನಿಲ್ಲಿಸಿರುವ ಚಂದ ನೋಡಿದೆ. ನಮ್ಮ ಬ್ರೇಕ್ ಮಾಸ್ಟರ್ ಇದ್ದಿದ್ದರೆ ಅರ್ಧ ಸಭೆಯನ್ನು ಎಬ್ಬಿಸಿ ಮತ್ತೆ ಹೊರಗೆ ಕಳಿಸುತ್ತಿದ್ದರು.

ನಗಬಹುದು — ಅವರೇನೂ ಬೇಡ ಅನ್ನುತ್ತಿರಲಿಲ್ಲ.

ನಾನು ಅವರ ಸಹೋದ್ಯೋಗಿ. ಸಾಹಿತ್ಯ ಓದಿ ಸ್ಟೇರಿಂಗ್ ಹಿಡಿದವನು. ಮೊದಲ ದಿನವೇ ಕೇಳಿದರು, "ಎಂ.ಎ. ಅಂತೆ? ಸರಿ ಎಮ್ಮೆ, ಹತ್ತು." ಅಂದಿನಿಂದ ನಾನು ಅವರಿಗೆ ಎಮ್ಮೆಯೇ. ಎಮ್ಮೆಗೂ ಹೆಮ್ಮೆಗೂ ಒಂದು ಉಸಿರಿನಷ್ಟೇ ಅಂತರ ಎಂದು ಸಮಾಧಾನ ಮಾಡಿಕೊಂಡೆ.

ಎರಡು ಮಾತು ಹೇಳಿ ಇಳಿದುಬಿಡೋಣ ಎಂದುಕೊಂಡು ಬಂದಿದ್ದೆ. ಆದರೆ ಬಾಗಿಲ ಹತ್ತಿರ ಅವರ ಮಗಳು ನನ್ನ ತೋಳು ಹಿಡಿದು ಕೇಳಿದಳು. "ಅಂಕಲ್, ಅಪ್ಪ ಕೊನೇಲಿ ಪ್ರಾರ್ಥನೆ ಬಿಟ್ಟುಬಿಟ್ರಾ? ಆಸ್ಪತ್ರೇಲಿ ನಾನು 'ಪ್ರಾರ್ಥನೆ ಮಾಡೋಣ ಅಪ್ಪಾ' ಅಂದ್ರೆ, 'ಇರು, ನಿನ್ನ ಆಫೀಸ್ ಕಥೆ ಹೇಳು' ಅಂತಿದ್ರು. ದೇವ್ರ ಮೇಲೆ ಕೋಪ ಮಾಡ್ಕೊಂಡೇ ಹೋದ್ರಾ?"

ಎಲ್ಲರ ಮುಂದೆಯೇ ಉತ್ತರ ಹೇಳಲೇ ಎಂದೆ. ಹೂಂ ಎಂದು ತಲೆಯಾಡಿಸಿದಳು. ಆದ್ದರಿಂದ — ನೀವೆಲ್ಲ ಕ್ಷಮಿಸಬೇಕು — ಇದು ಅವಳಿಗಾಗಿ ಆಡುವ ಮಾತು.

ನಮ್ಮ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇದೆ. ಕಲಿಯುವವರು ಕಂಗಾಲಾದಾಗ ಕಲಿಸುವವನು ಒತ್ತಲಿಕ್ಕೆ. ನಾವೆಲ್ಲ ಬೇಕಾದಾಗ ಒತ್ತಿದರೆ, ಮಾಸ್ಟರ್ ಬೇಡದಾಗಲೂ ಒತ್ತುವವರು. ಆ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ!

ಅವರ ಪ್ರಾರ್ಥನೆಯೂ ಹಾಗೇ ಇತ್ತು. ಪಾಠ ಶುರುವಾಗುವ ಮುಂಚೆ ಕಣ್ಣು ಮುಚ್ಚಿ, ಕೈ ಜೋಡಿಸಿ, ಗಟ್ಟಿಯಾಗಿ — "ಕರ್ತನೇ, ಲಾರಿಯನ್ನು ತಡೆ! ಕರ್ತನೇ, ಎಮ್ಮೆಗಳನ್ನು ತಡೆ!" ಎರಡನೆಯದು ನನ್ನನ್ನು ಕುರಿತದ್ದೋ ಏನೋ, ಕೇಳುವ ಧೈರ್ಯ ಬರಲಿಲ್ಲ. ಒಮ್ಮೆ ಬ್ಯಾಂಕಿನ ಮೇಡಂ ಒಬ್ಬರು ಬಾಗಿಲು ತೆಗೆದು ಇಳಿದೇ ಬಿಟ್ಟರು. "ಸಾರ್, ನಾನು ಬಂದಿದ್ದು ಲೈಸೆನ್ಸಿಗೆ. ಪರಲೋಕಕ್ಕಲ್ಲ!"

ಆಮೇಲೆ ಮಗಳೇ, ನೀನು ಕಾರು ಕಲಿತೆ. ಸ್ಕೂಲಿನ ಕಾರಿನಲ್ಲಲ್ಲ, ಮನೆಯ ಕಾರಿನಲ್ಲಿ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟೆ. ಆ ಕಾರಿನಲ್ಲಿ ಎರಡನೇ ಬ್ರೇಕ್ ಎಲ್ಲಿಂದ ಬರಬೇಕು? ಆದರೂ ಅವರ ಕಾಲು — ಹೀಗೆ, ಹೀಗೆ — ಬರೀ ನೆಲವನ್ನು ತುಳಿಯುತ್ತಲೇ ಇತ್ತು. ನೀನು ಅಂದೆಯಂತೆ, "ಅಪ್ಪಾ, ಕಾರು ತೂತಾಗುತ್ತೆ! ನಂಬಿಕೆ ಇಲ್ವಾ ನನ್ನ ಮೇಲೆ?"

ಅಂದದ್ದನ್ನು ನೀನು ಮರೆತಿರಬಹುದು. ಅವರು ಮರೆಯಲಿಲ್ಲ. ಮಾರನೆಯ ದಿನ ಟೀ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಟೀ ಆರಿತು. ಕೊನೆಗೆ ಅಂದರು —

"ಎಮ್ಮೆ, ನಾನು ಇಷ್ಟು ವರ್ಷ ಪ್ರಾರ್ಥನೆ ಅಂತ ಮಾಡಿದ್ದು ಇದೇ ಕಣೋ. ನೆಲ ತುಳಿಯೋದು. ದೇವ್ರು ಕಾರು ಓಡಿಸ್ತಾ ಇದಾನೆ, ನಾನು ಪಕ್ಕದಲ್ಲಿ ಕೂತು ನಿಲ್ಸು, ತಿರುಗ್ಸು, ನಿಧಾನ ಅಂತ ಕಿರುಚ್ತಾ ಇದೀನಿ. ಅವನ ಮುಖ ಒಂದ್ಸಲನಾದ್ರೂ ನೋಡಿದೀನಾ?"

ನಾನು ತಮಾಷೆಗೆ, "ಮಾಸ್ಟ್ರೇ, ಡ್ರೈವರ್ ಜೊತೆ ಮಾತಾಡಬಾರದು ಅಂತ ಬೋರ್ಡ್ ಇರುತ್ತಲ್ಲ?" ಅಂದೆ.

"ಅದು ಬಸ್ಸಲ್ಲಿ. ಇದು ಮನೆ ಕಾರು" ಅಂದರು. ನನ್ನ ಎಂ.ಎ. ಅಲ್ಲಿಗೆ ಮುಗಿಯಿತು.

ಆಮೇಲೆ ಅವರದ್ದೊಂದು ಹೊಸ ಅಭ್ಯಾಸ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ನಿಲ್ಲಿಸಿದ ಕಾರಿನ ಪಕ್ಕದ ಸೀಟಿನಲ್ಲಿ ಕೂರುವುದು. ಎಂಜಿನ್ ಆಫ್. ಕಾಲು ಮಡಿಸಿ ಸೀಟಿನ ಮೇಲೆ — ಬ್ರೇಕಿನಿಂದ ದೂರ. ಒಂದು ದಿನ ನಿದ್ದೆ ಎಂದುಕೊಂಡು ಗಾಜು ತಟ್ಟಿದೆ. ಪ್ರಾರ್ಥನೆ ಅಂದರು.

"ಏನು ಬೇಡ್ಕೋತಿದ್ರಿ?"

"ಬೇಡ್ಕೊಳ್ಳೋದು ಕಡಿಮೆ. ಇವತ್ತು ಯಾರ್ಯಾರು ಬರ್ತಾರೆ ಅಂತ ಹೇಳ್ತಿದ್ದೆ. ಆ ರಿಟೈರ್ಡ್ ಮೇಷ್ಟ್ರಿಗೆ ತಿರುವು ಅಂದ್ರೆ ಭಯ. ಆ ನರ್ಸಮ್ಮಂಗೆ ಮನೇಲಿ ಏನೋ ಸರಿ ಇಲ್ಲ, ಗೇರ್ ಹಾಕುವಾಗ ಅಳ್ತಾರೆ. ಅವರ ಹೆಸರು ಹೇಳಿ ಸುಮ್ನೆ ಕೂರ್ತೀನಿ."

"ಅಷ್ಟೇನಾ?"

"ಕೆಲವು ದಿನ ಅಷ್ಟೂ ಆಗಲ್ಲ. ಯೇಸುಸ್ವಾಮಿ ಕಲ್ಸಿದ ಪ್ರಾರ್ಥನೇಲಿ 'ನಮ್ಮ ತಂದೆಯೇ' ಅಂತೀನಿ, ಅಲ್ಲೇ ನಿಂತೋಗ್ತೀನಿ. ಇಷ್ಟು ದಿನ ತಂದೆ ಅಂತ ಕರೆದು, ಆಮೇಲೆ ಆಫೀಸರಿಗೆ ಅರ್ಜಿ ಕೊಟ್ಟಂಗೆ ಮಾತಾಡ್ತಿದ್ದೆ. ಕೆಲವು ದಿನ ಮನಸ್ಸು ಒಣಗಿರುತ್ತೆ. ಆದ್ರೂ ಬಂದು ಕೂರ್ತೀನಿ. ಕಲಿಯೋವ್ರು ಮೂಡ್ ಇಲ್ಲ ಅಂತ ಕ್ಲಾಸ್ ತಪ್ಪಿಸಿದ್ರೆ ನಾನು ಬಿಡ್ತೀನಾ?"

ಅವರ ಪಾಠವೂ ಬದಲಾಯಿತು. ಬ್ರೇಕ್ ಒತ್ತುವುದು ಕಡಿಮೆಯಾಯಿತು, ಕೇಳಿಸಿಕೊಳ್ಳುವುದು ಹೆಚ್ಚಾಯಿತು. ಇಳಿದು ಹೋಗಿದ್ದ ಬ್ಯಾಂಕಿನ ಮೇಡಂ ಮತ್ತೆ ಬಂದರು — ಅಗೋ, ಹಿಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ಈಗ ಆಸ್ಪತ್ರೆ.

ನಾನು ನೇರವಾಗಿ ಕೇಳಿದೆ, "ಮಾಸ್ಟ್ರೇ, ವಾಸಿ ಮಾಡು ಅಂತ ಕೇಳಿದ್ರಾ?" ಅವರು ಸುಳ್ಳು ಹೇಳುವವರಲ್ಲ. "ಕೇಳ್ದೆ. ಜಗಳಾನೂ ಆಡ್ದೆ. ಅಪ್ಪನ ಹತ್ರ ಅಲ್ದೆ ಇನ್ಯಾರ ಹತ್ರ ಆಡ್ಲಿ? ಜಗಳ ಆಡಿದ ಮೇಲೂ ಇಳಿದು ಹೋಗ್ಲಿಲ್ಲ, ಪಕ್ಕದಲ್ಲೇ ಕೂತಿದೀನಿ" ಅಂದರು.

ಮತ್ತೆ ಕೇಳಿದೆ, "ಮಗಳು ಕರೆದ್ರೆ ಯಾಕೆ ಪ್ರಾರ್ಥನೆ ಮಾಡಲ್ಲ?"

ಮಗಳೇ, ಅವರು ಹೇಳಿದ್ದನ್ನು ಹಾಗೇ ಒಪ್ಪಿಸುತ್ತೇನೆ. "ಅವಳ ಕಣ್ಣಲ್ಲಿ ಭಯ ಕಾಣುತ್ತೆ ಕಣೋ. ಪ್ರಾರ್ಥನೆ ಅಂದ್ರೆ ಅವಳೂ ನೆಲ ತುಳಿಯೋಕೆ ಶುರು ಮಾಡ್ತಾಳೆ. ಆಫೀಸ್ ಕಥೆ ಹೇಳು ಅಂದ್ರೆ ಮನಸ್ಸು ಬಿಚ್ಚಿ ಮಾತಾಡ್ತಾಳೆ. ಅವಳು ಹೇಳೋ ಒಂದೊಂದು ಮಾತನ್ನೂ ನಾನು ಒಳಗೊಳಗೇ ಅವನಿಗೆ ಹೇಳ್ತಾ ಹೋಗ್ತೀನಿ. ಬಾಯಲ್ಲಿ ಎರಡೆರಡು ಸಲ ಆಡೋಕೆ ಉಸಿರು ಎಲ್ಲಿದೆ?"

ಕೇಳಿಸಿತಾ ಮಗಳೇ? ಅಪ್ಪ ಪ್ರಾರ್ಥನೆ ಬಿಡಲಿಲ್ಲ. ನೀನೇ ಅವರ ಪ್ರಾರ್ಥನೆಯ ಮಾತಾಗಿದ್ದೆ. ನಿನ್ನ ಬಡ್ತಿ, ನಿನ್ನ ತಲೆನೋವು, ಮ್ಯಾನೇಜರನ್ನು ನೀನು ಬಾಯಿತುಂಬ ಬೈದದ್ದು — ಹೌದು, ಅದೂ ಸೇರಿ — ಎಲ್ಲ ದೇವರ ಸನ್ನಿಧಿಗೆ ಮುಟ್ಟಿದೆ. ಇನ್ನು ಮುಂದೆ ಆ ಕಥೆಗಳನ್ನು ನೀನೇ ನೇರವಾಗಿ ಹೇಳಬೇಕು. ಹೊಸ ಭಾಷೆಯೇನೂ ಬೇಕಿಲ್ಲ. ಅಪ್ಪನಿಗೆ ಹೇಳಿದ ಹಾಗೆಯೇ ಹೇಳು.

ಬಂಧುಗಳೇ, ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಸ್ವಲ್ಪ ಹೊತ್ತು ಮೌನವಾಗಿರೋಣ. ಈ ಮೌನದಲ್ಲಿ ಏನನ್ನೂ ಬೇಡುವುದು ಬೇಡ. ನಿಮ್ಮ ಮನಸ್ಸಿನಲ್ಲಿರುವ ಒಬ್ಬರ ಹೆಸರನ್ನು ತಂದೆಗೆ ಹೇಳಿ — ಹೇಳಿ, ಸುಮ್ಮನೆ ಅವನ ಪಕ್ಕದಲ್ಲಿರಿ.