ತಾರಸಿಯ ಪೆಟ್ಟಿಗೆಗೆ ಐಸ್ ತುಂಬಿದವನ ಬಗ್ಗೆ

ಬೀದಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ನಾನು, ವಯಸ್ಸು ಅರವತ್ತಮೂರು, ಓದು ಹೈಸ್ಕೂಲು, ಕಸುಬು ಹೊಲಿಗೆ, ವಾಸ ಗೋದಾಮು ಬೀದಿಯ ಮೂಲೆಮನೆ. ಯಾರೂ ಕರೆಸದೆ ಠಾಣೆಗೆ ನಾನಾಗಿಯೇ ಬಂದು ಬರೆಸುತ್ತಿರುವುದೇನೆಂದರೆ:

ಬೀದಿಯ ತುದಿಯ ಗೋದಾಮಿನಲ್ಲಿ ನನ್ನ ಸೊಸೆ ಲಾರಿಗಳಿಂದ ಸರಕು ಇಳಿಸುವ ಕೆಲಸ ಮಾಡುತ್ತಾಳೆ. ಅಲ್ಲಿರುವುದು ತಗಡಿನ ಸೂರು. ಕಳೆದ ಬೇಸಗೆಯಲ್ಲಿ ತಲೆ ಸುತ್ತಿ ಬಿದ್ದು ಹಣೆಗೆ ಹೊಲಿಗೆ ಹಾಕಿಸಿಕೊಂಡಳು. ಆಮೇಲೆ ಕೆಲಸಗಾರರ ಸಂಘ ಹಟ ಹಿಡಿದು ಒಂದು ಕರಾರು ಮಾಡಿಸಿತು. ಮಧ್ಯಾಹ್ನ ಹನ್ನೆರಡಕ್ಕೆ ಬಿಸಿಲು ನಲವತ್ತೆರಡು ಡಿಗ್ರಿ ಮುಟ್ಟಿದ್ದರೆ ಸೈರನ್ ತಾನಾಗಿಯೇ ಕೂಗಬೇಕು, ನಾಲ್ಕರವರೆಗೆ ಕೆಲಸ ನಿಲ್ಲಬೇಕು, ಕೂಲಿ ಕಡಿತವಾಗಬಾರದು.

ಆ ಕರಾರು ಬ್ಲಾಕ್‌ಚೈನ್‌ನಲ್ಲಿದೆ. ಅದರ ಪ್ರತಿ ಎಷ್ಟೋ ಕಂಪ್ಯೂಟರುಗಳಲ್ಲಿ ಇರುವುದರಿಂದ ಮಾಲೀಕರೂ ತಿದ್ದಲಾರರು, ಸಂಘದವರೂ ತಿದ್ದಲಾರರು. ಆದರೆ ಕರಾರಿಗೆ ಕಣ್ಣಿಲ್ಲ. ಹೊರಗೆ ಬಿಸಿಲೋ ಮೋಡವೋ ಎಂದು ಅದಕ್ಕೆ ಯಾರಾದರೂ ಹೇಳಬೇಕು. ಹೇಳುವವರು ಒಬ್ಬರೇ ಆದರೆ ಆ ಒಬ್ಬರನ್ನು ಬುಟ್ಟಿಗೆ ಹಾಕಿಕೊಂಡರೆ ಮುಗಿಯಿತು. ಅದಕ್ಕಾಗಿ ಏಳು ಮನೆಗಳ ತಾರಸಿಯ ಮೇಲೆ ಬಿಸಿಲಳೆಯುವ ಏಳು ಪೆಟ್ಟಿಗೆ ಇಟ್ಟಿದ್ದಾರೆ. ಇದನ್ನು ಒರಾಕಲ್ ಜಾಲ ಎನ್ನುತ್ತಾರೆ. ಏಳೂ ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿ ನಟ್ಟನಡುವಿನದನ್ನು ಕರಾರು ಒಪ್ಪುತ್ತದೆ. ಮೂರು ಪೆಟ್ಟಿಗೆ ಕೆಟ್ಟರೂ ನಿಜ ನಿಲ್ಲುತ್ತದೆ. ನಾಲ್ಕು ಕೆಟ್ಟರೆ ಸುಳ್ಳು ಗೆಲ್ಲುತ್ತದೆ.

ಜಾಲದವರು ಮನೆ ಆರಿಸಿದ ಬಗೆಯನ್ನೂ ಬರೆದುಕೊಳ್ಳಬೇಕು. ಹೊಂದಿಕೊಂಡಿರುವವರು ಕೂಡಿ ಒಂದೇ ಸುಳ್ಳು ಹೇಳಬಹುದೆಂದು, ಒಬ್ಬರಿಗೊಬ್ಬರು ಮಾತು ಬಿಟ್ಟ ಮನೆಗಳನ್ನೇ ಹುಡುಕಿದರು. ನಮ್ಮ ಬೀದಿಯಲ್ಲಿ ಅದಕ್ಕೇನೂ ಬರವಿರಲಿಲ್ಲ. ನನಗೂ ಎದುರು ಮನೆಯ ನನ್ನ ನಾದಿನಿಗೂ ಒಂದೊಂದು ಪೆಟ್ಟಿಗೆ ಸಿಕ್ಕಿತು. ನಮ್ಮ ಅತ್ತೆಯವರ ಹೊಲಿಗೆ ಯಂತ್ರ ಸೊಸೆಯಾದ ನನಗೆ ಸೇರಬೇಕೋ ಮಗಳಾದ ಅವಳಿಗೋ ಎಂಬ ವಿಚಾರದಲ್ಲಿ ಎಂಟು ವರ್ಷದಿಂದ ನಮ್ಮಿಬ್ಬರಿಗೆ ಮಾತಿಲ್ಲ. ಯಂತ್ರ ನನ್ನ ಬಳಿ ಇದೆ.

ಇಂದು ಬೆಳಿಗ್ಗೆ ಸೊಸೆ ಹೊರಟಾಗ, ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹೋಗು ಎಂದೆ. "ಬಿಡಿ ಅತ್ತೆ, ನಿಮ್ಮ ಪೆಟ್ಟಿಗೆ ಇದೆಯಲ್ಲ, ಅದೇ ನಂಗೆ ಛತ್ರಿ" ಎಂದು ನಕ್ಕು ಹೋದಳು.

ಹನ್ನೊಂದೂಮುಕ್ಕಾಲಿಗೆ ನೀಲಿ ಅಂಗಿಯವನೊಬ್ಬ ಬಂದು, ಜಾಲದವರು ಪೆಟ್ಟಿಗೆ ಒರೆಸಲು ಕಳಿಸಿದ್ದಾರೆ ಎಂದ. ಕೈಯಲ್ಲಿ ಮುಚ್ಚಳದ ಬಕೆಟ್, ಹೆಗಲ ಮೇಲೆ ಮಡಿಸಿದ ಬಟ್ಟೆ. ಚಪ್ಪಲಿ ಬಿಟ್ಟು ಹತ್ತು ಎಂದು ಗದರಿಸಿ ನಾನೇ ಮೇಲೆ ಬಿಟ್ಟೆ. ತಾರಸಿ ಸುಡುತ್ತದೆ ಎಂದು ಗೊಣಗಿದ. ಬೇಗ ಬೇಗ ಕೆಲಸ ಮಾಡು ಎಂದೆ.

ಇಳಿದು ಬಂದವನು ಪೆಟ್ಟಿಗೆ ಫಳಫಳ ಎನ್ನುತ್ತಿದೆ ಎಂದು ಹೇಳಿ ಹೋದ. ಅವನ ಹೆಗಲ ಬಟ್ಟೆಯ ಮಡಿಕೆ ಬಿಚ್ಚಿರಲಿಲ್ಲ. ಮಡಿಸಿದ ಬಟ್ಟೆಯಿಂದ ಯಾರಪ್ಪಾ ಒರೆಸುತ್ತಾರೆ! ಸೀದಾ ಮೇಲೆ ಹತ್ತಿ ಪೆಟ್ಟಿಗೆಯ ಬಾಗಿಲು ತೆಗೆದರೆ ಒಳಗೆ ಐಸಿನ ಚೀಲ. ಕಿತ್ತು ಎಸೆದೆ. ಸೆರಗಿನಿಂದ ತಿಕ್ಕಿದರೂ ಪೆಟ್ಟಿಗೆ ಕೊರೆಯುತ್ತಲೇ ಇತ್ತು. ಹನ್ನೆರಡರೊಳಗೆ ಅದು ಬಿಸಿಯಾಗುವುದಿಲ್ಲ ಎಂದು ತಿಳಿಯಿತು.

ತಲೆ ಎತ್ತಿದಾಗ ಆ ನೀಲಿ ಅಂಗಿ ನಾದಿನಿಯ ಮನೆಯೊಳಗೆ ಹೋಗುತ್ತಿತ್ತು. ಅವನಿಗೆ ದಾರಿ ಬಿಟ್ಟು ನಾದಿನಿ ಮತ್ತೆ ಹೊಸ್ತಿಲಲ್ಲಿ ಕುಳಿತಳು, ಎಂದಿನಂತೆ ನನ್ನ ಮನೆಗೆ ಬೆನ್ನು ಹಾಕಿ. ನಾನು ತಾರಸಿಯ ಅಂಚಿಗೆ ಬಂದು ಕೂಗಿದೆ. ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕೆಂದು ಇಲ್ಲಿನ ಪೇದೆಗೆ ಹೇಳಿದ್ದೇನೆ.

"ಏ ಇವಳೇ! ತಿರುಗೇ ಇಲ್ಲಿ!"

ಅವಳು ತಿರುಗಲಿಲ್ಲ. "ಬೈಯೋದಿದ್ರೆ ಗೋಡೆಗೆ ಬೈಕೋಬೇಕಂತೆ, ಯಾರಾದ್ರೂ ಹೇಳ್ರಪ್ಪಾ ಅವ್ರಿಗೆ" ಎಂದು ಬೀದಿಗೆ ಹೇಳಿದಳು.

ನನಗೆ ಬೇರೆ ದಾರಿ ಉಳಿಯಲಿಲ್ಲ.

"ಹೊಲಿಗೆ ಯಂತ್ರ ನೀನೇ ಇಟ್ಕೊಳ್ಳೇ ಪುಣ್ಯಾತ್ಗಿತ್ತಿ! ಮೊದ್ಲು ಮೇಲೆ ಹತ್ತು! ಅವ್ನು ಪೆಟ್ಟಿಗೆಗೆ ಐಸ್ ಹಾಕ್ತಾನೆ!"

ನಾದಿನಿ ಗಿರಕ್ಕನೆ ತಿರುಗಿದಳು. "ಯಂತ್ರ ನಂಗಾ? ಎಲ್ರೂ ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡ್ರು! ಹತ್ತೇ!"

ಮಂಡಿನೋವು ಎಂದು ಬೀದಿಗೆಲ್ಲ ಸಾರಿಕೊಂಡು ಬಂದವಳು ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಅವನು ಪೆಟ್ಟಿಗೆಯ ಬಾಗಿಲಿಗೆ ಕೈ ಹಾಕಿದ್ದ. ಬಕೆಟ್ ಹಿಂದೆ ಇತ್ತು. ನಾದಿನಿ ಆ ಬಕೆಟ್ ಎತ್ತಿಕೊಂಡು ಒಳಗೋಡಿ ತಾರಸಿಯ ಬಾಗಿಲಿಗೆ ಚಿಲಕ ಹಾಕಿದಳು. ಅವಳೂ ಅವನ ಚಪ್ಪಲಿ ಕೆಳಗೇ ಬಿಡಿಸಿದ್ದಳು. ಕಾದ ತಾರಸಿಯ ಮೇಲೆ ಅವನು ಕುಣಿಯತೊಡಗಿದ. ಪೆಟ್ಟಿಗೆ ಮುಟ್ಟುವ ಪುರುಸೊತ್ತೇ ಅವನಿಗಿರಲಿಲ್ಲ. ಇಂದಿನ ಬಿಸಿಲಿಗೆ ಸಾಕ್ಷಿ ಬೇಕಿದ್ದರೆ ಅವನ ಅಂಗಾಲು ನೋಡಬಹುದು. ಯಾರು ಕಳಿಸಿದ್ದು ಹೇಳು, ಚಪ್ಪಲಿ ಕೊಡುತ್ತೇನೆ ಎಂದು ನಾದಿನಿ ಬಾಗಿಲಾಚೆಯಿಂದ ಕೇಳಿದಳು. ಗೋದಾಮಿನ ಮೇಸ್ತ್ರಿ, ಗೋದಾಮಿನ ಮೇಸ್ತ್ರಿ ಎಂದು ಅವನು ಬೀದಿಗೆಲ್ಲ ಕೇಳುವಂತೆ ಕೂಗಿದ. ಅವಳು ಕೆಳಗಿಂದ ಚಪ್ಪಲಿ ತಂದು ತಾರಸಿಯ ಕಿಟಕಿಯಿಂದ ಎಸೆದಳು. ಕೊಟ್ಟ ಮಾತಿಗೆ ತಪ್ಪುವವರ ಮನೆತನ ನಮ್ಮದಲ್ಲ.

ಆಮೇಲೆ ಅದೇ ಕಿಟಕಿಯಿಂದ ತಲೆ ಹೊರಹಾಕಿ, "ಅತ್ತಿಗೇ! ಸಿಕ್ಕಿಬಿದ್ದ!" ಎಂದಳು. ಅತ್ತಿಗೆ ಎಂದು ಅವಳು ಕರೆದು ಎಂಟು ವರ್ಷವಾಗಿತ್ತು. ನಾನು ಉತ್ತರ ಕೊಡುವ ಮೊದಲೇ ಹನ್ನೆರಡು ಹೊಡೆಯಿತು.

ಸೈರನ್ ಕೂಗಿತು! ಇಡೀ ಬೀದಿ ಓ ಎಂದು ಕಿರುಚಿತು. ಗೋದಾಮಿನ ಗೇಟು ತೆರೆದು ಕೆಲಸಗಾರರು ಹೊರಬಂದರು. ಸೊಸೆ ಕಾಣುವವರೆಗೆ ನಾನು ತಾರಸಿಯ ಅಂಚು ಬಿಡಲಿಲ್ಲ. ಅವಳು ನನ್ನ ಪೆಟ್ಟಿಗೆಯ ಕಡೆ ಕೈಬೀಸಿದಳು. ಆ ಪೆಟ್ಟಿಗೆ ಇಂದು ಮೂವತ್ತೊಂದು ಎಂದು ಸುಳ್ಳು ಹೇಳಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ. ನನ್ನದೂ ಸೇರಿ ಮೂರು ಪೆಟ್ಟಿಗೆಗಳನ್ನು ಅವನು ಕೆಡಿಸಿದ್ದನೆಂದು ಆಮೇಲೆ ಜಾಲದವರು ತಿಳಿಸಿದರು. ನಾದಿನಿಯದು ನಾಲ್ಕನೆಯದಾಗುತ್ತಿತ್ತು.

ಸುಳ್ಳು ಹೇಳಿದ ಪೆಟ್ಟಿಗೆಯನ್ನು ಜಾಲದವರು ಕಿತ್ತುಕೊಂಡು ಹೋಗುತ್ತಾರೆ. ನನ್ನ ಪೆಟ್ಟಿಗೆ ತಾನಾಗಿ ಸುಳ್ಳು ಹೇಳಿದ್ದಲ್ಲವೆಂದು ಠಾಣೆಯಿಂದ ಅವರಿಗೆ ತಿಳಿಸಬೇಕೆಂದು ಕೋರುತ್ತೇನೆ. ಇನ್ನೊಂದು ವಿಷಯ. ಮಾತುಕತೆ ಇರುವ ಎರಡು ಮನೆಗಳಲ್ಲಿ ಪೆಟ್ಟಿಗೆ ಇರಕೂಡದು ಎಂಬುದು ನಿಯಮ. ಆದ್ದರಿಂದ ನನಗೂ ನಾದಿನಿಗೂ ಈಗಲೂ ಮಾತಿಲ್ಲ ಎಂದು ಸ್ಪಷ್ಟವಾಗಿ ಬರೆದುಕೊಳ್ಳಬೇಕು. ಹೊಲಿಗೆ ಯಂತ್ರವನ್ನು ನಾಳೆ ಸೊಸೆಯ ಕೈಯಲ್ಲಿ ಕಳಿಸುತ್ತೇನೆ.

ಸಾಕ್ಷಿಯಾಗಿ ಬಂದು ನನ್ನ ಪಕ್ಕದಲ್ಲೇ ಕುಳಿತಿರುವ ನಾದಿನಿಯನ್ನು ಇದು ನಿಜವೇ ಎಂದು ಪೇದೆ ಕೇಳಿದಾಗ, "ಹೌದು, ಬರ್ಕೊಳ್ಳಿ, ನಾವು ಮಾತಾಡೋದೇ ಇಲ್ಲ. ಅಲ್ವಾ ಅತ್ತಿಗೆ?" ಎಂದಳು. ನಾನು ಹೌದೆಂದೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಕೊನೆಯ ಆ ಒಂದು ವಿಷಯ ಬಿಟ್ಟು ಉಳಿದುದೆಲ್ಲ ನಾನು ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ ನಿಜ.

ಸ್ಥಳ: ಠಾಣೆಯ ಮುಂಗೋಣೆ
ದಿನ: ಬುಧವಾರ, ಸಂಜೆ ನಾಲ್ಕು
ಸಹಿ: ದೊಡ್ಡಮ್ಮ
ಸಾಕ್ಷಿ: ಎದುರು ಮನೆಯ ನಾದಿನಿ