ಜೈನಬ್ಬಿ ಬದ್ಲು ಒಂದು ನಕ್ಕೋ

ಹ್ಞಾಂ, ಅದೇ, ಟಮಾಟ ಲಾರೀಲೇ ಹೋಗಿದ್ದು ನಾವು, ಬಸ್ಸು ಅಂದ್ನಾ, ಬಸ್ಸಲ್ಲ, ಬಸ್ಸಲ್ಲಿ ಹೋಗಿದ್ದು ಬೇರೆ ಸಲ, ನಿಮ್ ದೊಡ್ಡಮ್ಮನ ಮದ್ವೆ ಸೀರೆ ತರೋಕೆ. ಇದು ಕೋಲಾರಕ್ಕೆ, ಯುದ್ಧ ಬೇಡ ಅಂತ ಕೂಗೋಕೆ. ನಗ್ಬೇಡ ಕಣೋ ಮಂಜಾ, ನಿಮ್ಮಜ್ಜಿ ಹುಟ್ಟಿದಾಗಿಂದ ಮುದ್ದೆ ತಿರುವ್ತಾನೇ ಕೂತಿದ್ಳು ಅನ್ಕಂಡಿದ್ದೀಯೇನೋ. ರಾಯಲ್ಪಾಡಿಂದ ಒಂದು ಲಾರಿ ತುಂಬ ಹೆಂಗಸ್ರು. ಹಿಂದಿನ ದಿನ ಆ ಲಾರೀಲಿ ಮದನಪಲ್ಲಿ ಮಂಡಿಗೆ ಟಮಾಟ ಹಾಕಿದ್ರು, ತೊಳ್ದಿರ್ಲಿಲ್ಲ ಪುಣ್ಯಾತ್ಮರು, ಕೂತೋರ ಸೀರೆಗೆಲ್ಲ ರಸ. ಶ್ರೀನಿವಾಸಪುರ ದಾಟೋ ಹೊತ್ಗೆ ಎಲ್ರೂ ಸಾರಿನ ಪಾತ್ರೆಯೊಳಗಿಂದ ಎದ್ದು ಬಂದಂಗೆ ಘಮ್ಮಂತಿದ್ವಿ. ನಾನೇನು ನನಗೋಸ್ಕರ ಹೋಗಿದ್ದಲ್ಲ ಮತ್ತೆ. ಜೈನಬ್ಬಿ ಬದ್ಲು ಹೋಗಿದ್ದು.

ಜೈನಬ್ಬಿ ಅಂದ್ರೆ ನಮ್ ಪಕ್ಕದ್ಮನೆಯವಳು. ನೀವು ನೋಡಿಲ್ಲ, ನಿಮ್ಮಲ್ಲಿ ದೊಡ್ಡೋಳು ಪವಿತ್ರ ಒಬ್ಳು ನೋಡಿದ್ದಾಳೆ, ಅವಳಿಗೂ ನೆನಪಿರಲ್ಲ ಬಿಡು, ತೀರಾ ಚಿಕ್ಕೋಳು. ಹಾಸಿಗೆ, ರಜಾಯಿ ಹೊಲಿಯೋಳು. ಹತ್ತಿ ಬಿಡಿಸ್ತಾ ಕೂತ್ರೆ ತಲೆ, ಹುಬ್ಬು ಎಲ್ಲಾ ಬೆಳ್ಳಗೆ, ನಾನು ಬೇಲಿ ಈಚೆಯಿಂದ ‘ಏನೇ ಮುದುಕೀ’ ಅನ್ನೋಳು, ಅವಳು ‘ನಿನಗಿಂತ ಮೂರ್ ತಿಂಗ್ಳು ಚಿಕ್ಕೋಳು ಕಣೇ ನಾನು’ ಅನ್ನೋಳು. ನಮ್ಮನೇಲಿ ತೆಲುಗು, ಅವಳ ಮನೇಲಿ ಅವ್ರ ಉರ್ದು, ಬೀದೀಲಿ ಕನ್ನಡ, ಜಗಳ ಬಂದ್ರೆ ಮೂರೂ. ಗಂಡ ಬೇಗ ಹೋಗ್ಬಿಟ್ಟ. ಒಬ್ಬನೇ ಮಗ, ರಫೀಕ. ಆ ಹುಡ್ಗ ನಮ್ಮನೇಲೇ ಮುದ್ದೆ ತಿಂದು ಬೆಳ್ದಿದ್ದು, ನನ್ನ ಖಾಲಾ ಖಾಲಾ ಅನ್ನೋನು, ಅಂದ್ರೆ ಅವ್ರಲ್ಲಿ ದೊಡ್ಡಮ್ಮ, ಚಿಕ್ಕಮ್ಮ ಎರಡೂ. ಅವನು ದೊಡ್ಡೋನಾದ್ಮೇಲೆ ಕುವೈತ್‌ಗೆ ಹೋದ. ನಮ್ ಕಡೆ, ಆ ಆಂಧ್ರದ ಗಡಿ ಉದ್ದಕ್ಕೂ, ಆವಾಗ ಮನೆಗೊಬ್ರು ಕುವೈತ್‌ಗೆ ಹೋಗೋರಪ್ಪ. ಅಲ್ಲಿ ನೀರಿನ ಟ್ಯಾಂಕರ್ ಓಡ್ಸೋ ಕೆಲ್ಸ ಅವನಿಗೆ.

ಪ್ರತಿ ಶುಕ್ರವಾರ ಫೋನ್ ಮಾಡೋನು. ಮನೇಲಿ ಫೋನ್ ಎಲ್ಲಿತ್ತು, ಬಸ್‌ಸ್ಟ್ಯಾಂಡ್ ಹತ್ರ ನಾಗರಾಜನ ಎಸ್‌ಟಿಡಿ ಬೂತಿತ್ತಲ್ಲ, ಅಲ್ಲಿಗೆ. ಜೈನಬ್ಬಿ ಮಧ್ಯಾಹ್ನ ಉಂಡವಳೇ ಬುರ್ಕಾ ಹಾಕ್ಕೊಂಡು ಹೋಗಿ ಕೂತ್ಬಿಡೋಳು, ಫೋನ್ ಸಂಜೆಗೆ ಬಂದ್ರೂ ಸರಿ. ಹಿಂಗಿರೋವಾಗ ಅಲ್ಲಿ ಪಕ್ಕದ ದೇಶದ ಮೇಲೆ ದೊಡ್ಡ ದೇಶದೋರು ಯುದ್ಧಕ್ಕೆ ಬರ್ತಾರೆ ಅಂತ ಶುರುವಾಯ್ತು. ಟೀವೀಲಿ ಬರೀ ಅದೇ. ರಫೀಕ ಒಂದು ಶುಕ್ರವಾರ ಹೇಳ್ದ, ‘ಅಮ್ಮಿ, ನಮ್ ಗಾಡೀನೆಲ್ಲ ಗಡಿ ಕಡೆ ಕಳಿಸ್ತಾವ್ರೆ, ಸೈನ್ಯಕ್ಕೆ ನೀರು ಹಾಕ್ಬೇಕಂತೆ, ಫೋನ್ ಬರ್ಲಿಲ್ಲ ಅಂದ್ರೆ ಹೆದರ್ಕೋಬೇಡ’. ಅಷ್ಟೇ. ಮುಂದಿನ ಶುಕ್ರವಾರ ಫೋನಿಲ್ಲ. ಅದರ ಮುಂದಿನ ಶುಕ್ರವಾರಾನೂ ಇಲ್ಲ. ಜೈನಬ್ಬಿ ರಜಾಯಿ ಹೊಲಿಯೋದು ನಿಲ್ಲಿಸ್ಬಿಟ್ಳು. ನಾನು ಮುದ್ದೆ ತಗೊಂಡೋದ್ರೆ ‘ಇಟ್ಟೋಗು ರತ್ನಾ’ ಅನ್ನೋಳು, ಬೆಳಗ್ಗೆ ನೋಡಿದ್ರೆ ಹಂಗೇ ಒಣಗಿರೋದು.

ಆಗ್ಲೇ ನಮ್ ಹೆಂಗಸ್ರ ಸಂಘದ ಸಭೆಗೆ ಶ್ರೀನಿವಾಸಪುರದಿಂದ ಒಬ್ರು ಮೇಡಂ ಬಂದಿದ್ದು. ಇಸ್ಕೂಲ್ ಮೇಡಂ, ತೆಳ್ಳಗೆ, ಮಾತು ಮಾತ್ರ ದಪ್ಪ. ಕೋಲಾರದಲ್ಲಿ ಮೆರವಣಿಗೆ ಐತೆ, ಮಾಲೂರು, ಮುಳಬಾಗಲು ಎಲ್ಲಾ ಕಡೆಯಿಂದ ಜನ ಬರ್ತಾರೆ, ಪ್ರಪಂಚದಲ್ಲೆಲ್ಲ ಹಿಂಗೇ ಬೀದಿಗೆ ಬರ್ತಾವ್ರೆ, ಯುದ್ಧ ಬೇಡ ಅಂತ ನಾವೂ ಹೇಳಾಣ ಅಂದ್ರು. ನಾನು ಬಂದು ಜೈನಬ್ಬಿಗೆ ಹೇಳ್ದೆ. ಅವಳ ಮುಖ ಅರಳ್ತು ನೋಡು, ಎಷ್ಟೋ ದಿನದ ಮೇಲೆ. ‘ಯಾವತ್ತೇ?’ ಅಂದ್ಳು. ‘ಶುಕ್ರವಾರ’ ಅಂದೆ. ಅಂದ್ಮೇಲೇ ಹೊಳೆದಿದ್ದು, ಅದು ಫೋನಿನ ದಿನ. ಕೋಲಾರಕ್ಕೆ ಹೋಗಿ ಬರೋದು ಅಂದ್ರೆ ಸಂಜೆ ಆಗೋಗ್ತದೆ. ಆ ಹೊತ್ನಲ್ಲೇ ಫೋನ್ ಬಂದ್ರೆ? ಹೋಗಿಲ್ಲ ಅಂದ್ರೂ ಸಂಕಟ, ಮಗನಿಗೋಸ್ಕರ ಊರೋರೆಲ್ಲ ಕೂಗೋವಾಗ ಹೆತ್ತೋಳೇ ಇಲ್ಲ ಅಂದ್ರೆ. ಅವತ್ತೆಲ್ಲ ಒದ್ದಾಡಿದ್ಳು. ಮಾರನೇ ದಿನ ಬೇಲಿ ಹತ್ರ ಬಂದು, ‘ರತ್ನಾ, ನಾನು ಬೂತಲ್ಲಿ ಕೂತಿರ್ತೀನಿ, ನೀನ್ ಹೋಗು, ನನ್ ಬದ್ಲು ಕೂಗು’ ಅಂದ್ಳು. ಆಯ್ತು ಅಂದೆ. ‘ಹಂಗಲ್ಲ ಕಣೇ, ನೀನು ನಿನ್ ತೆಲುಗಲ್ಲಿ ವದ್ದು ವದ್ದು ಅಂದ್ರೆ ಅದು ನೀನ್ ಕೂಗ್ದಂಗಾಯ್ತು. ನಾನು ಕೂಗ್ದಂಗೆ ಕೂಗು. ನಕ್ಕೋ ಅನ್ನು.’ ನಮ್ ವದ್ದು, ಅವ್ರ ಮಾತಿನ ನಕ್ಕೋ, ಎರಡೂ ಬೇಡ ಅಂತಾನೇ. ಬೇಲಿ ಹತ್ರಾನೇ ನಿಂತು ಹೇಳ್ಕೊಟ್ಳು ನನಗೆ, ಕೋ ಅನ್ನೋದನ್ನ ಎಳೀಬೇಕಂತೆ.

ನಿಮ್ ತಾತ ಒಪ್ಪಿದ್ರಾ, ಎಲ್ಲಿ. ‘ಯಾವ್ದೋ ದೇಶ, ಯಾವ್ದೋ ಯುದ್ಧ, ನಿನಗ್ಯಾಕಮ್ಮ? ಟಮಾಟ ಬಿಡ್ಸೋರ್ಯಾರು?’ ಅಂದ್ರು. ‘ಯಾವ್ದೋ ಯುದ್ಧ ಅಲ್ಲ, ನಮ್ ರಫೀಕ ಅಲ್ಲವ್ನೆ’ ಅಂದೆ. ಆ ಮನುಷ್ಯ ಬಾಯ್ಮಾತಿಗೆ ಅಷ್ಟೇ ಕಟು, ಬೆಳಗ್ಗೆ ಎದ್ದು ನೋಡ್ತೀನಿ, ಲಾರಿಯವನ ಹತ್ರ ನನಗೆ ಮುಂದ್ಗಡೆ ಜಾಗ ಹೇಳಿಟ್ಟವ್ರೆ. ನಾನು ಹಿಂದ್ಗಡೇನೇ ಕೂತೆ, ಎಲ್ರ ಜೊತೆ.

ಕೋಲಾರ ಅವತ್ತು ಹೆಂಗಿತ್ತು ಅಂತೀರಿ. ಬಸ್‌ಸ್ಟ್ಯಾಂಡಿಂದ ಹಿಡ್ದು ಕ್ಲಾಕ್ ಟವರ್ ತಂಕ ತಲೇನೇ ತಲೆ. ಹಸಿರು ಟವಲ್ ಹಾಕಿರೋ ರೈತ್ರು, ಕಾಲೇಜ್ ಹುಡ್ಗೀರು, ಮುಳಬಾಗಲಿನ ಕಡೆಯ ಬೀಡಿ ಕಟ್ಟೋ ಹೆಂಗಸ್ರು, ಒಬ್ರು ಪಾದ್ರಿ, ಮಸೀದಿ ಕಡೆಯಿಂದ ಬಿಳೀ ಟೋಪಿಯೋರು. ಮಾಲೂರಿನ ಒಂದು ಅಜ್ಜಿ ನನ್ ಕೈ ಹಿಡ್ಕಂಡ್ಬಿಡ್ತು, ಯಾರು ಏನು ಅಂತಾನೂ ಕೇಳ್ದೇನೇ, ‘ಬಿಡ್ಬೇಡಮ್ಮ, ನಾನ್ ಕಳ್ದೋಗ್ತೀನಿ’ ಅಂತ. ಬಿಸಿಲು ಹೊಡೀತಿತ್ತು, ಅಂಗಡಿಯೋರು ಮಜ್ಜಿಗೆ ಕೊಡ್ತಿದ್ರು. ಮುಂದ್ಗಡೆ ಜೀಪಲ್ಲಿ ಮೈಕ್ ಹಿಡ್ಕಂಡು ಒಬ್ಬ ಹುಡ್ಗ ನಿಂತಿದ್ದ, ಮಂಗಳೂರು ಕಡೆಯವನು, ಪಾಪ ಪುಸ್ತಕ ಓದ್ದಂಗೇ ಮಾತಾಡೋನು. ಅವನು ‘ನಮಗೆ ಯುದ್ಧ...’ ಅಂದ್ರೆ ನಾವು ‘ಬೇಡ’ ಅನ್ಬೇಕು. ಮೊದ್ಲು ನನಗೆ ಧ್ವನೀನೇ ಏಳ್ಲಿಲ್ಲ ಕಣ್ರೋ. ಹೊಲದಲ್ಲಿ ಹಕ್ಕಿ ಓಡ್ಸೋಕೆ ಕೂಗಿರೋದು ಬಿಟ್ರೆ ಬೀದೀಲಿ ಬಾಯ್ಬಿಟ್ಟೋಳೇ ಅಲ್ಲ ನಾನು. ಎಲ್ರೂ ಬೇಡ ಅಂತಾರೆ, ನಮ್ ಲಾರಿಯೋರು ವದ್ದು ಅಂತಾರೆ, ನಾನೊಬ್ಳು ನಕ್ಕೋ ಅನ್ಬೇಕು. ಆಗ ಜೈನಬ್ಬಿ ಬೂತಲ್ಲಿ ಕೂತಿರೋದು ಕಣ್ಮುಂದೆ ಬಂತು, ಆ ಫೋನನ್ನೇ ನೋಡ್ತಾ. ಅವನು ಯುದ್ಧ ಅನ್ನೋದಕ್ಕೂ ಹೊಟ್ಟೆಯೊಳಗಿಂದ ಎಳ್ದು ‘ನಕ್ಕೋ’ ಅಂದೆ. ಮಾಲೂರಜ್ಜಿ ನನ್ ಕೈ ಬಿಟ್ಟೇಬಿಡ್ತು, ಹೆದ್ರಿ.

ಮೈಕಿನ ಹುಡ್ಗ ತಿರುಗಿ ನೋಡ್ದ. ‘ಅಮ್ಮಾ, ನಗುವುದು ಯಾಕೆ? ಇದು ನಗುವ ವಿಷಯ ಅಲ್ಲವಲ್ಲ?’ ಅಂತ ಮೈಕಲ್ಲೇ ಕೇಳ್ಬಿಟ್ಟ. ಪಾಪ ಅವನಿಗದು ಕನ್ನಡದ ‘ನಕ್ಕೋ’, ನಗು ಅಂದಂಗೆ ಕೇಳ್ಸೈತೆ. ಕೋಲಾರದಲ್ಲಿ ಹುಟ್ಟಿದ ಕೂಸಿಗೂ ಗೊತ್ತು ನಕ್ಕೋ ಅಂದ್ರೇನು ಅಂತ, ಜನ ಗೊಳ್ಳಂತ ನಕ್ರು. ನನಗೆ ಮಾನ ಹೋದಂಗಾಯ್ತು, ಜೊತೆಗೆ ಕೋಪಾನೂ ಬಂತು. ‘ಏ ಮಗಾ, ನಗೋದಲ್ಲ, ಬೇಡ ಅಂತ. ಇದು ನನ್ ಮಾತಲ್ಲ, ನಮ್ ಜೈನಬ್ಬಿ ಮಾತು, ಅವಳ ಮಗ ಅಲ್ಲಿ ಸಿಕ್ಕಾಕ್ಕೊಂಡವ್ನೆ, ಅವಳು ಫೋನ್ ಕಾಯ್ತಾ ಕೂತವ್ಳೆ, ಅದಕ್ಕೆ ನಾನ್ ಬಂದಿದ್ದೀನಿ’ ಅಂದೆ. ಆ ಹುಡ್ಗ ಏನ್ ಮಾಡ್ದ ಗೊತ್ತಾ, ಜೀಪಿಂದ ಇಳಿದು ಬಂದು ಮೈಕ್ ನನ್ ಬಾಯ್ಗೆ ಹಿಡ್ದ. ‘ಇನ್ನೊಮ್ಮೆ ಹೇಳಿ ಅಮ್ಮಾ’ ಅಂದ. ಹೇಳ್ದೆ. ಮಸೀದಿ ಬೀದಿ ಮಹಡಿಗಳ ಮೇಲೆ ಹೆಂಗಸ್ರು ನಿಂತಿದ್ರು, ನೋಡ್ತಾ ಇದ್ರು ಅಷ್ಟೇ, ಆ ಮೇಲಿಂದ ಬಂತು ನೋಡು, ‘ನಕ್ಕೋ’ ಅಂತ. ಆಮೇಲೆ ರೈತ್ರು, ಕಾಲೇಜ್ ಹುಡ್ಗೀರು, ಎಲ್ರೂ. ಮಾಲೂರಜ್ಜಿ ಮತ್ತೆ ಬಂದು ಕೈ ಹಿಡ್ಕಂಡು ಅದೂ ನಕ್ಕೋ ಅಂತು. ಅಷ್ಟು ಜನ, ಯಾರೂ ರಫೀಕನ್ನ ಕಂಡೋರಲ್ಲ. ನಾನು ಅಳ್ತಾ ಅಳ್ತಾ ನಡ್ದೆ. ಅಂಥ ದಿನ ಇನ್ನೊಂದು ಬರ್ಲಿಲ್ಲ ನನ್ ಬಾಳಲ್ಲಿ. ಈಗ್ಲೂ ಬೇಕು ಅನ್ನಿಸ್ತದೆ, ಆ ಬೀದಿ, ಆ ಜನ, ಅದೊಂದ್ ಸಲ.

ಊರಿಗೆ ಬಂದಾಗ ದೀಪ ಹಚ್ಚೋ ಹೊತ್ತು. ಲಾರಿ ಇಳಿದು ಸೀದಾ ಬೂತಿಗೆ ಹೋದೆ. ಜೈನಬ್ಬಿ ಒಂದು ಟಮಾಟ ಕ್ರೇಟ್ ಬೋರಲು ಹಾಕ್ಕೊಂಡು ಕೂತಿದ್ಳು. ‘ಬಂತೇನೇ?’ ಅಂದೆ. ತಲೆ ಅಲ್ಲಾಡಿಸಿದ್ಳು, ಇಲ್ಲ ಅಂತ. ನಾನು ಪಕ್ಕದಲ್ಲಿ ಕೂತೆ. ‘ಕೂಗಿದ್ಯಾ?’ ಅಂದ್ಳು. ‘ಕೂಗ್ದೆ.’ ‘ಹೆಂಗೆ, ತೋರ್ಸು.’ ‘ಇಲ್ಲಾ? ಬಸ್‌ಸ್ಟ್ಯಾಂಡಲ್ಲಾ?’ ‘ತೋರ್ಸೇ.’ ಕೂಗ್ದೆ ಕಣ್ರೋ. ನಾಗರಾಜ ಬೂತಿಂದ ಎದ್ದು ಈಚೆ ಬಂದ, ಏನಾಯ್ತಕ್ಕಾ ಅಂತ. ಆ ಮಂಗಳೂರು ಹುಡ್ಗನ ಕಥೆ ಹೇಳ್ದೆ, ನಗುವುದು ಯಾಕೆ ಅಂದ ಅಂತ, ಅವನ ಥರಾನೇ ಮಾತಾಡಿ ತೋರಿಸ್ದೆ. ಜೈನಬ್ಬಿ ನಕ್ಕಳು. ನಕ್ಕೂ ನಕ್ಕೂ ನನ್ ಹೆಗಲ ಮೇಲೆ ಬಿದ್ದು, ಆಮೇಲೆ ಅಳೋಕ್ ಶುರು ಮಾಡಿದ್ಳು, ನನ್ ಸೀರೆ ಹೆಗಲು ಪೂರ್ತಿ ನೆಂದೋಯ್ತು.

ಯುದ್ಧ ನಿಂತಾ ಅಂತ ಕೇಳ್ಬೇಡಿ. ನಿಲ್ಲಲಿಲ್ಲ. ನಾವ್ ಕೂಗಿದ್ದು ಯಾವ ದೊರೆಗೂ ಕೇಳ್ಲಿಲ್ಲ, ಬಾಂಬ್ ಬಿದ್ವು, ಟೀವೀಲಿ ನೋಡಿದ್ವಿ. ಜೈನಬ್ಬಿ ಸೊರಗಿ ಕಡ್ಡಿಯಾದ್ಳು. ಯುಗಾದಿ ಕಳೆದು ಮಾವಿನ ಕಾಯಿ ಬಲಿಯೋ ಕಾಲ, ಒಂದು ಶುಕ್ರವಾರ ನಾಗರಾಜ ಬೀದಿ ಉದ್ದಕ್ಕೂ ಓಡಿ ಬಂದ, ‘ಜೈನಬಕ್ಕಾ, ಫೋನು’ ಅಂತ. ಇಬ್ರೂ ಚಪ್ಪಲಿ ಇಲ್ದೆ ಓಡಿದ್ವಿ. ರಫೀಕನೇ. ಬದುಕಿದ್ದ. ಅವಳದು ಬರೀ ಅಳು. ಅವನೇ ಕೇಳ್ದನಂತೆ, ‘ಅಮ್ಮಿ, ಇಲ್ಲಿ ಕ್ಯಾಂಪಲ್ಲಿ ಟೀವೀಲಿ ತೋರಿಸ್ತಿದ್ರು, ಯಾವ್ಯಾವ್ದೋ ದೇಶದಲ್ಲಿ ಜನ ಯುದ್ಧ ಬೇಡ ಅಂತ ಬೀದೀಲಿ ಹೋಗ್ತಿದ್ದಿದ್ದು. ನಾವೆಲ್ಲ ಊಟ ಬಿಟ್ಟು ನೋಡ್ತಿದ್ವಿ. ನಮ್ ಕಡೇನೂ ಯಾರಾದ್ರೂ ಹೋಗಿದ್ರಾ?’ ಅಂತ. ಅದಕ್ಕೆ ಅವಳು ಕಣ್ಣೊರೆಸ್ಕಂಡು, ‘ಹೋಗಿದ್ರು ಕಣೋ, ನಿನ್ ಖಾಲಾ ಹೋಗಿದ್ಳು, ನನ್ ಬದ್ಲು’ ಅಂದ್ಳು. ಫೋನು ನನ್ ಕೈಗೆ ಕೊಟ್ಳು. ಆ ಕಡೆಯಿಂದ ಖಾಲಾ ಅಂದ, ಅಷ್ಟೇ, ಲೈನ್ ಹೋಯ್ತು.

ಅವನೀಗ ಮುಳಬಾಗಲಲ್ಲಿ ಗ್ಯಾರೇಜ್ ಇಟ್ಕಂಡವ್ನೆ, ಬಂದಾಗೆಲ್ಲ ಕಾಲಿಗೆ ಬೀಳ್ತಾನೆ. ಜೈನಬ್ಬಿ ಹೋಗಿ ಸುಮಾರು ವರ್ಷ ಆಯ್ತು. ಈಗ್ಲೂ ಬೆಳಗ್ಗೆ ಎದ್ರೆ ಬೇಲಿ ಕಡೆ ಕಣ್ಣೋಗ್ತದೆ, ಬೇಲೀನೂ ಇಲ್ಲ ಅಲ್ಲಿ, ಕಾಂಪೌಂಡ್ ಹಾಕವ್ರೆ. ಟೀವೀಲಿ ಮತ್ತೆ ದಿನಾ ಯುದ್ಧ, ನನ್ ಮಂಡಿ ಎದ್ದೇಳಕ್ ಬಿಡಲ್ಲ, ಗಂಟ್ಲು ಬಿದ್ದೋಗೈತೆ. ನನ್ ಬದ್ಲು ನೀನ್ ಹೋಗಿ ಕೂಗೇ ಅಂತ ನಾನು ಹೇಳಾಣ ಅಂದ್ರೆ ಅವಳಿಲ್ಲ. ಅವಳು ನಂಗೆ ಬೇಕು ಕಣ್ರೋ, ಇನ್ನೇನೂ ಇಲ್ಲ. ಅದಕ್ಕೇ ಹೇಳೋದು, ಪಕ್ಕದ್ಮನೆಯೋರ ಮಾತು ಒಂದೆರಡು ಕಲ್ತಿಟ್ಕಳಿ. ಅವ್ರಿಗೋಸ್ಕರ ಬಾಯ್ಬಿಡ್ಬೇಕಾದ ದಿನ ತಡಕಾಡೋಹಾಗಿರ್ಬಾರ್ದು.